ಅಣ್ಣನ ಭಟ್ಟಿಗೆ ಕೊಟ್ಟ ಕೋಕ್

ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಡಾಂಬರಿನಂಥ ಮಡ್ಡಿ ಉಳಿಯುತ್ತದೆ. ಅದನ್ನು ಕಾಯಿಸಿ ಕಲ್ಲಿದ್ದಲಿನಂತೆ ಗಟ್ಟಿ ಮಾಡುವುದು ನಮ್ಮ ಪ್ರಯೋಗಾಲಯದ ಕೆಲಸ. ಸಾಧಾರಣ ಕಲ್ಲಿದ್ದಲಿಗೆ ಇದನ್ನು ಬೆರೆಸಿ ಬೇಯಿಸಿದರೆ ಕಬ್ಬಿಣ ಕರಗಿಸುವ ಕೋಕ್ ಆಗುತ್ತದೆ.

ಸದಲಗಾದ ನಮ್ಮ ಮನೆಯಲ್ಲಿ ಇದು ಅರ್ಥವಾಗುತ್ತಿದ್ದುದು ಅಣ್ಣನಿಗೆ ಮಾತ್ರ. ರಾಜ್ಯದ ಗಡಿಯಾಚೆ, ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ಅವನು ಭಟ್ಟಿ ಮಿಸ್ತ್ರಿ. ನನ್ನನ್ನು ಓದಿಸಿದವನೂ ಅವನೇ.

"ಹೊರದೇಶದ ಕೋಕ್ ಭಾಳ ತುಟ್ಟಿ ಆಗೈತಿ. ನಿಮ್ಮದೊಂದು ಗಾಡಿ ಕಳಸವಾ, ಸುಟ್ಟು ನೋಡೂಣು" ಅಂದ.

"ಗಂಧಕ ಸ್ವಲ್ಪ ಹೆಚ್ಚೈತಿ ಅಣ್ಣಾ" ಅಂದೆ. ಸ್ವಲ್ಪವಲ್ಲ, ಬಹಳ ಇತ್ತು. ನಮ್ಮ ಕೋಕ್ ಅವನ ಭಟ್ಟಿಯಲ್ಲಿ ಉರಿಯಲಿ ಎಂಬ ಆಸೆಗೆ ಮಾತನ್ನು ಮೆತ್ತಗೆ ಮಾಡಿದೆ.

ಅಣ್ಣ ಮಾಲೀಕರ ಮುಂದೆ ನಿಂತು, "ನನ್ನ ತಂಗಿ ಮಾಡಿದ್ದೈತ್ರಿ, ಜವಾಬ್ದಾರಿ ನಂದು" ಎಂದನಂತೆ.

ಕೋಕ್ ಚೆನ್ನಾಗಿಯೇ ಉರಿಯಿತು. ಅವನು ಫೋನಿನಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ವಾರದ ಮೇಲೆ, ಅಂದು ಎರಕ ಹೊಯ್ದ ಪಂಪಿನ ಭಾಗಗಳು ಒಂದೊಂದಾಗಿ ಸೀಳು ಬಿಟ್ಟವು. ಕೋಕಿನ ಗಂಧಕ ಕಬ್ಬಿಣಕ್ಕೆ ಇಳಿದು ಅದನ್ನು ಪೆಡಸು ಮಾಡಿತ್ತು. ಮಾಲೀಕರು ಅಣ್ಣನನ್ನು ಭಟ್ಟಿಯಿಂದ ತೆಗೆದು, ಎರಕಕ್ಕೆ ಅಂಟಿದ ಉಸುಕು ಕೊಡವುವ ಕೆಲಸಕ್ಕೆ ಹಾಕಿದರು. ಅವನೇ ಕಲಿಸಿದವರು ಅವನ ಜಾಗದಲ್ಲಿ ನಿಂತರು. ಎರಡು ತಿಂಗಳು ಸಹಿಸಿಕೊಂಡು, ಆಮೇಲೆ ಬಿಟ್ಟು ಬಂದ.

ನಾನು ಊರಿಗೆ ಹೋದಾಗ ಅವನು ದೂಧಗಂಗಾ ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದ.

"ತಪ್ಪು ನಂದು ಅಣ್ಣಾ. ಗಂಧಕ ಭಾಳ ಇತ್ತು. ನನಗ ಗೊತ್ತಿತ್ತು."

ಅವನು ಎಮ್ಮೆಯ ಬೆನ್ನಿಗೆ ನೀರು ಹಾಕುತ್ತಲೇ ಇದ್ದ. "ಗೊತ್ತಿದ್ರ ಹೇಳಬೇಕಿತ್ತವಾ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ವರ್ಷ ಕೋಕಿನ ಗಂಧಕ ಕಡಿಮೆ ಮಾಡುವ ದಾರಿ ನಮಗೆ ಸಿಕ್ಕಿತು. ಪರೀಕ್ಷೆಯ ಕಾಗದ ಹಿಡಿದು ನಾನೇ ಫೌಂಡ್ರಿಗೆ ಹೋಗಿ, ನಡೆದದ್ದನ್ನೆಲ್ಲ ಮಾಲೀಕರಿಗೆ ಹೇಳಿ, ಅಣ್ಣನನ್ನು ಮತ್ತೆ ಭಟ್ಟಿಗೆ ಕರೆಯಿರಿ ಎಂದು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆಗ ಹೇಳಿದ್ರ ಛಲೋ ಇತ್ತಲ್ರಿ ಅಕ್ಕಾರ. ಈಗ ಕರೆಂಟಿನ ಭಟ್ಟಿ ಹಾಕೀವಿ. ಕೋಕೂ ಬ್ಯಾಡ, ಕೋಕಿನ ಮಿಸ್ತ್ರಿನೂ ಬ್ಯಾಡ."

ಮನೆಗೆ ಬಂದಾಗ ಅಣ್ಣ ಊಟಕ್ಕೆ ಕೂತಿದ್ದ. ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: "ಹಳೇ ಭಟ್ಟಿ ಏನ್ ಮಾಡ್ಯಾರ?"

"ಒಡದು ಗುಜರಿಗೆ ಹಾಕ್ಯಾರಂತ."

ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಅಣ್ಣ ಕೈ ತೊಳೆಯಲು ಎದ್ದ.