ಮರಗಟ್ಟಿದ ಮಾತಿಗೆ ಕಾವು ಕೊಡುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಆಗಷ್ಟೇ ನೆಲ ಒರೆಸಿದ ಫಿನಾಯಿಲ್ ವಾಸನೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಅಜ್ಜಿಯೊಬ್ಬರ ಮುಂದೆ ಸ್ಟೂಲ್ ಎಳೆದುಕೊಂಡು ಕೂತ ಆಯಾ, ಲೋಟವೊಂದನ್ನು ಎತ್ತಿ ಹಿಡಿದಿದ್ದಾರೆ. "ಕು... ಕುರ್ಚಿ" ಎನ್ನುತ್ತಾರೆ ಅಜ್ಜಿ. ಆಯಾ ನಗುವುದಿಲ್ಲ, ತಿದ್ದುವುದಿಲ್ಲ. ಸುಮ್ಮನೆ ಕಾಯುತ್ತಾರೆ. ಪಕ್ಕದಲ್ಲಿ ನಿಂತ ನನಗೇ ಆ ಪದ ನಾಲಗೆಯ ತುದಿಗೆ ಬಂದಿದೆ. ತುಟಿ ಕಚ್ಚಿ ತಡೆದುಕೊಂಡಿದ್ದೇನೆ. ಕೊನೆಗೆ "ಲೋಟ" ಎಂಬುದು ಹೊರಬೀಳುತ್ತದೆ.

ವಾರ್ಡಿನವರೆಲ್ಲ ಈಕೆಯನ್ನು ಕರೆಯುವುದು ಮಾತಿನಕ್ಕ ಎಂದು. ಆಡುವುದು ಮಾತ್ರ ಕಡಿಮೆ. ಇವರ ತಾಯಿಗೂ ಪಾರ್ಶ್ವವಾಯುವಾಗಿ ಮಾತು ಹೋಗಿತ್ತು. "ಅಮ್ಮ ಬಾಯಿ ತೆಗೆದ್ರೆ ಸಾಕು, ನೀರಾ, ಹೊದಿಕೆನಾ ಅಂತ ಬಂದವರೆಲ್ಲ ಅವರೇ ಮುಗಿಸಿಬಿಡ್ತಿದ್ರು. ಅವಳು ಏನು ಹೇಳೋಕೆ ಹೊರಟಿದ್ಲೋ, ಗೊತ್ತೇ ಆಗ್ಲಿಲ್ಲ." ಆಯಾ ಕೆಲಸಕ್ಕೆ ಸೇರಿದ ಮೇಲೆ ಹಾಸಿಗೆ ಬದಲಿಸುತ್ತಲೇ ರೋಗಿಗಳ ಮಾತಿಗೆ ಕಿವಿಯಾದರು. ಅದನ್ನು ಗಮನಿಸಿದ ವಾಕ್ ಚಿಕಿತ್ಸಕಿ, ಅಭ್ಯಾಸ ಮಾಡಿಸುವ ಬಗೆ ಕಲಿಸಿಕೊಟ್ಟರು.

ಕಳೆದ ವರ್ಷ ಇಂಗ್ಲಿಷ್ ಮೇಷ್ಟ್ರೊಬ್ಬರು ರೋಗಿಯಾಗಿ ಬಂದರು. ತೊದಲಿದ್ದೇ ತಡ, ತಟ್ಟೆ ತಳ್ಳಿ "ಕ್ಲಮ್ಸಿ!" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಸಲೀಸಾಗಿ ಬರುತ್ತಿದ್ದುದು ಅದೊಂದೇ ಪದ. "ಹುಡುಗರ ವಾಕ್ಯ ಒಡ್ಡೊಡ್ಡಾಗಿದ್ರೆ ಅಪ್ಪ ಕೆಂಪು ಶಾಯೀಲಿ ಹಾಗಂತ ಬರೀತಿದ್ರು" ಎಂದು ಮಗಳು ಕಣ್ಣೊರೆಸಿಕೊಂಡಳು. ಕ್ರಮೇಣ ಮೇಷ್ಟ್ರು ಬಾಯಿ ತೆರೆಯುವುದನ್ನೇ ಬಿಟ್ಟರು.

"ಮೇಷ್ಟ್ರನ್ನ ಮಾತಾಡ್ಸೋಕೆ ಪಾಠ ಕೇಳೋದು ಬಿಟ್ರೆ ಬೇರೆ ದಾರಿ ಇದ್ಯಾ? ಆ ಪದ ಎಲ್ಲಿಂದ ಬಂತು ಸಾರ್ ಅಂತ ಗಂಟುಬಿದ್ದೆ" ಎಂದು ನಗುತ್ತಾರೆ ಮಾತಿನಕ್ಕ. ಮೇಷ್ಟ್ರು ಅಂಗೈ ಉಜ್ಜಿ ತೋರಿಸಿದರು, ಹೊದಿಕೆ ಎಳೆದುಕೊಂಡರು. ಎಷ್ಟೋ ಬೆಳಗುಗಳ ನಂತರ "ಚ... ಚಳಿ" ಬಂತು. ಆಮೇಲೆ "ಕೈ". ಮಗಳು ನಿಘಂಟು ತೆರೆದು ನೋಡಿದಳು. ನಿಜವೇ; ಆ ಪದದ ಹಳೆಯ ಬೇರಿಗೆ ಚಳಿಗೆ ಮರಗಟ್ಟುವುದು ಎಂದು ಅರ್ಥ. ಸೆಟೆದ ಬೆರಳು ಹಿಡಿದದ್ದನ್ನು ಬೀಳಿಸುತ್ತದಲ್ಲ, ಹಾಗಾಗಿ ಅಡ್ಡಾದಿಡ್ಡಿ ಕೆಲಸಕ್ಕೆ ಆ ಹೆಸರು ಬಂತು. ಬರಬರುತ್ತಾ ಒಡ್ಡು ಮಾತಿಗೂ ಅಂಟಿಕೊಂಡಿತು.

"ಅಷ್ಟೇನಾ? ಮರಗಟ್ಟಿದ ಕೈನ ಯಾರಾದ್ರೂ ಬೈತಾರಾ ಸಾರ್? ಕಾಯಿಸ್ತಾರೆ" ಎಂದರಂತೆ ಅಕ್ಕ. ಮೇಷ್ಟ್ರು ಗೊಳ್ಳನೆ ನಕ್ಕರು, ನಗುತ್ತಲೇ ಅತ್ತರು. ಮರುದಿನದಿಂದ ಅಕ್ಕ ಬರುವ ಮೊದಲೇ ಎದ್ದು ಕೂತಿರುತ್ತಿದ್ದರು.

ಮನೆಗೆ ಹೊರಟ ದಿನ ಮಗಳತ್ತ ತಿರುಗಿ, "ನೀನು... ದಿನಾ... ಊಟ... ಬಿಟ್ಟು... ಬಂದೆ" ಎಂದರು. ಅಷ್ಟು ಹೊತ್ತೂ ಮಗಳು ನಡುವೆ ಒಂದೇ ಒಂದು ಪದ ತುರುಕಲಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಮಾತಿನಕ್ಕ ಗೋಡೆಯ ಮೇಲೆ ಅರಚುತ್ತಿರುವ ಟಿ.ವಿ.ಯತ್ತ ಕೈ ತೋರಿಸುತ್ತಾರೆ. "ಬೆಳಗ್ಗೆ ಹೊತ್ತು ಅದನ್ನೊಂದು ಆರಿಸಿದ್ರೆ ಸಾಕು. ಇವರ ಮಾತು ಬಹಳ ಮೆಲ್ಲಗೆ ಶುರುವಾಗುತ್ತೆ."