ಚೀಟಿ ಇಲ್ಲದ ಗಂಟು

ಬನಹಟ್ಟಿಯಲ್ಲಿ ಪವರ್‌ಲೂಮ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ನಮ್ಮ ಮಾಲಕರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಗ್ಗ ಓದುವ ಸೀರೆ ವಿನ್ಯಾಸದ ಫೈಲಿನ ಪ್ರತಿ ಅಂಕಿಯ ಮುಂದೆಯೂ ಅದು ಬಣ್ಣವೋ, ಎಳೆಗಳ ಲೆಕ್ಕವೋ ಎಂದು ಹೇಳುವ ಒಂದು ಬೈಟ್ ಗುರುತು ಇಡಿಸುತ್ತಿದ್ದರು. “ಚೀಟಿ ಇಲ್ಲದ ನೂಲಿನ ಗಂಟು ಯಾರರ ಒಯ್ತಾರೇನಲೇ?” ಎಂದು ಮೇಜು ಕುಟ್ಟುತ್ತಿದ್ದರು.

ಫೈಲು ಸಣ್ಣದಾಗಲೆಂದು ನಾನು ಆ ಬೈಟುಗಳನ್ನು ಕಿತ್ತುಹಾಕಿದೆ. ಮಗ್ಗ ಬಣ್ಣದ ನಂಬರನ್ನು ಎಳೆಗಳ ಲೆಕ್ಕವೆಂದು ಓದಿ, ಸೆರಗಿನ ಬೆರಳಗಲದ ಪಟ್ಟಿಯನ್ನು ಮೊಳದಗಲ ನೇಯ್ದಿತು. ನೇಕಾರ ಅಕ್ಕ ಸೀರೆ ತಂದು ನನ್ನ ಮುಂದೆ ಒಗೆದರು.

“ನೀವ ತಪ್ಪು ಬಟನ್ ಒತ್ತಿರಬೇಕ್ರಿ” ಎಂದೆ.

ಮಾಲಕರು ಎದ್ದು ಬಂದರು. ಚೀಟಿಯೊಂದರ ಮೇಲೆ ನನ್ನ ಹೆಸರು ಬರೆದು ಸೆರಗಿಗೆ ಬಿಗಿದು ಕಟ್ಟಿದರು.

“ಇದನ್ನ ಕಟ್ಟಲಿಲ್ಲಂದ್ರ, ಅಕ್ಕನ ತಪ್ಪಂತ ಓದತಾರಲೇ ಮಂದಿ!”