ತಿಳಿನೀರಿನ ಸುಳ್ಳು

ನಮ್ಮತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಹತ್ತೊಂಬತ್ತು ವರ್ಷ ಸುಣ್ಣದ ಧೂಳು ಕುಡಿದು ಬೆರಳೆಲ್ಲ ಬಿರಿದುಹೋದ ಹೆಂಗಸಿಗೆ ಸಿಟ್ಟು ಇನ್ನೆಲ್ಲಿರಬೇಕು?

ಅಪ್ಪನ ಅಕ್ಕ ಆಕೆ. ಎಲ್ಲರಿಗೂ ಸುಣ್ಣದತ್ತೆ. ಗುಡ್ಡದ ಅದಿರನ್ನೆಲ್ಲ ಬಾಚಿಕೊಂಡವರು ಗಣಿ ಮುಚ್ಚಿ ಹೋಗಿ ಯಾವ ಕಾಲವಾಯಿತೋ, ಗಣಿಯ ಬಾಯಿಂದ ಹುಳಿನೀರು ಬರುವುದು ಮಾತ್ರ ನಿಂತಿಲ್ಲ. ಕೆಂಪಗೆ ಹರಿಯುತ್ತದೆ, ಕಬ್ಬಿಣದ ಬಕೆಟ್ಟಿನ ತಳವನ್ನೇ ತಿಂದುಹಾಕುತ್ತದೆ. ಅದಕ್ಕೆ ಸುಣ್ಣ ಕಲಸಿ ಹುಳಿ ಮುರಿದು, ಕರಗಿದ ಲೋಹ ಕೊಳದ ತಳದಲ್ಲಿ ಕೂತ ಮೇಲೆ ನೀರನ್ನು ಹಳ್ಳಕ್ಕೆ ಬಿಡುವುದು ಅತ್ತೆಯ ಕೆಲಸವಾಗಿತ್ತು. ಆ ಹಳ್ಳದ ನೀರು ಇಂಗಿ ನಮ್ಮ ಕೆಳಗಿನ ಬೀದಿಯ ಬಾವಿಗೆ ಬರುತ್ತದೆ. ಬಾವಿ ಬಿಟ್ಟರೆ ನಮಗೆ ಬೇರೆ ನೀರಿಲ್ಲ. ನನ್ನ ಎರಡು ವರ್ಷದ ಮಗಳು ಕುಡಿಯುವುದೂ ಅದನ್ನೇ.

ಹೋದ ವರ್ಷ ಈ ಕೆಲಸ ನೋಡಿಕೊಳ್ಳುವ ಆಫೀಸಿಗೆ ಹೊಸ ಇಂಜಿನಿಯರು ಬಂದ. ದಿನಕ್ಕೆ ನಲವತ್ತು ಚೀಲ ಸುಣ್ಣ ದಂಡ, ಇಪ್ಪತ್ತು ಸಾಕು ಎಂದ. ಇಪ್ಪತ್ತಕ್ಕೆ ಕೆಂಪೇನೋ ಹೋಯಿತು, ಏಕೆಂದರೆ ಕಬ್ಬಿಣ ಬೇಗ ತಳ ಸೇರುತ್ತದೆ. ಸತು, ಮ್ಯಾಂಗನೀಸ್ ಹಾಗಲ್ಲ. ಅವಕ್ಕೆ ಇನ್ನಷ್ಟು ಸುಣ್ಣ ಬೇಕು, ಕರಗಿರುವಾಗ ಕಣ್ಣಿಗೂ ಕಾಣುವುದಿಲ್ಲ. ಹುಳಿ ನೋಡುವ ಕಾಗದ ಒಂಬತ್ತು ತೋರಿಸಬೇಕಿತ್ತು, ಆರಕ್ಕೇ ನಿಂತಿತು. ಅತ್ತೆ ಅದನ್ನು ಹಿಡಿದುಕೊಂಡು ಆತನ ಕೋಣೆಗೆ ಮೂರು ಸಲ ಹೋದಳು. ಮೂರನೇ ಸಲ ಆತ ತಲೆ ಎತ್ತಲೂ ಇಲ್ಲ.

"ನೀರು ತಿಳಿಯಾಗಿದೆಯಲ್ಲಮ್ಮ, ಇನ್ನೇನ್ ಬೇಕು ನಿಮಗೆ?"

ಮೇಲಧಿಕಾರಿ ಕೊಳ ನೋಡಲು ಬಂದ ದಿನ ಅತ್ತೆ ಯಾರ ಅಪ್ಪಣೆಗೂ ಕಾಯಲಿಲ್ಲ. ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಳು. ಒಂದರಲ್ಲಿ ಗಣಿಗಿಂತ ಮೇಲಿನ ತೊರೆಯ ನೀರು, ಇನ್ನೊಂದರಲ್ಲಿ ಕೊಳದಿಂದ ಹೊರಬೀಳುವ ನೀರು. ಎರಡೂ ಒಂದೇ ತಿಳಿ. ಎರಡಕ್ಕೂ ಒಂದೊಂದು ಚಮಚ ಸುಣ್ಣದ ತಿಳಿನೀರು ಹಾಕಿದಳು. ತೊರೆಯ ನೀರು ಇದ್ದ ಹಾಗೇ ಇತ್ತು. ಕೊಳದ ನೀರು ಒಡೆದ ಹಾಲಿನ ಹಾಗೆ ಚೂರುಚೂರಾಗಿ ತಳಕ್ಕಿಳಿಯಿತು.

"ಇದು ಇಷ್ಟು ಹೊತ್ತು ಎಲ್ಲಿತ್ತು ಸಾರ್? ಇದನ್ನೇ ನಮ್ಮ ಮಕ್ಕಳು ಕುಡೀತಿರೋದು."

ಅಧಿಕಾರಿ ಲೋಟ ನೋಡಿದ, ಇಂಜಿನಿಯರನ ಮುಖ ನೋಡಿದ, ಗಡಿಯಾರ ನೋಡಿದ. ಕೊಟ್ಟ ಚಹಾ ಕುಡಿದು, ನೀರು ತಿಳಿಯಾಗಿದೆ ಎಂದು ವರದಿ ಬರೆದು ಕಾರು ಹತ್ತಿದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಸುಣ್ಣ ಇಂದಿಗೂ ಇಪ್ಪತ್ತೇ ಚೀಲ.

ಮರುವಾರ ಅತ್ತೆಯನ್ನು ಸುಣ್ಣದ ಶೆಡ್ಡಿನಿಂದ ತೆಗೆದು, ಆಫೀಸಿನ ಮುಂದಿನ ಗುಲಾಬಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಹಚ್ಚಿದರು. ಮೊದಲ ದಿನವೇ ಇಂಜಿನಿಯರು ಕರೆದು ಎಚ್ಚರಿಸಿದ. ಕೊಳದ ನೀರು ಮಾತ್ರ ಹಾಕಬೇಡಿ, ಗಿಡ ಸತ್ತುಹೋಗುತ್ತವೆ, ಆಫೀಸಿನ ನಲ್ಲಿ ನೀರನ್ನೇ ಹಾಕಿ ಎಂದ.

ಗೊತ್ತಿತ್ತು ಆ ಮನುಷ್ಯನಿಗೆ. ಮೊದಲಿಂದಲೂ ಗೊತ್ತಿತ್ತು. ಅತ್ತೆ ಬಂದು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ನಮ್ಮ ಪಾಲಿಗೆ ಆ ಸುಣ್ಣವೂ ಇಲ್ಲ.

ಮಾರನೆಯ ದಿನದಿಂದ ಅತ್ತೆ ಕೊಳದಿಂದಲೇ ಕೊಡ ತುಂಬಿ ತಂದು ಹಾಕಿದಳು. ಕೆಲಸ ಹೋಗುತ್ತದೆಂದು ಗೊತ್ತಿದ್ದೇ ಹಾಕಿದಳು, ಹೋಯಿತು ಕೂಡ. ತಿಂಗಳೊಳಗೆ ಎಲೆ ಹಳದಿಯಾಗಿ, ಮೊಗ್ಗು ಉದುರಿ, ಬಾಗಿಲ ಮುಂದೆ ಬರೀ ಕಡ್ಡಿಗಳು ನಿಂತವು. ಇಂಜಿನಿಯರು ಕೂಗಾಡುತ್ತ ಹೊರಗೆ ಬಂದಾಗ ಆಫೀಸಿನವರೆಲ್ಲ ಕಿಟಕಿಯಲ್ಲಿದ್ದರು. ಅತ್ತೆ ಕೊಡ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನೀರು ತಿಳಿಯಾಗಿದೆಯಲ್ಲ ಸಾರ್, ಇನ್ನೇನ್ ಬೇಕು ನಿಮಗೆ?"